ಈ ಫೋನು ಯಾರ ಕೈಗೆ ಹೋಗ್ತದ್ರಿ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಹಳೆಯ ಸೋಫಾ ಮಾರಾಟಕ್ಕಿದೆ ಎಂದು ಹಾಕಿದ್ದ ಫೋಟೋದ ಕೆಳಗೆ ಅವರ ಹೆಸರು, ಎರಡು ಸಾಲು, ಕೈಮುಗಿದ ಚಿತ್ರ. ಅದರ ಕೆಳಗೆ ಇನ್ನೊಬ್ಬರು, ಸೋಫಾ ಇನ್ನೂ ಇದೆಯೇ ಎಂದು ಕೇಳಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಗಂಡ ಇದ್ದಾರೆ, ಮಗಳಿದ್ದಾಳೆ. ಅದೂ ಅಲ್ಲದೆ, ಅವರ ಹೆಸರು ಹಿಡಿದು ಬರೆಯುವಷ್ಟು ಹಕ್ಕನ್ನು ನಾನು ಉಳಿಸಿಕೊಂಡಿಲ್ಲ.

ನಾನು ಹೆಚ್ಚು ಓದಿದವನಲ್ಲ. ಹೈಸ್ಕೂಲು ಮುಗಿಸಿ ತುಮಕೂರಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದೆ. ನಮ್ಮಣ್ಣ ಬಹಳ ಹಿಂದೆಯೇ ಈ ಪರದೇಶಕ್ಕೆ ಬಂದು ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ. ನಾನೂ ಇಲ್ಲಿ ಬಂದು ನೆಲೆಸಲೆಂದು ಅವನು ಹಾಕಿದ್ದ ಅರ್ಜಿ ಒಪ್ಪಿಗೆಯಾಗುವ ಹೊತ್ತಿಗೆ ನನ್ನ ತಲೆ ನರೆತಿತ್ತು. ಆ ವಯಸ್ಸಿನಲ್ಲಿ ಹೆಂಡತಿಯ ಜೊತೆ ಬಂದಿಳಿದ ನನಗೆ ಸಿಕ್ಕ ಕೆಲಸ, ಟಕ್ವಿಲಾ ಎಂಬ ಊರಿನ ದೊಡ್ಡ ಮಾಲಿನಲ್ಲಿ ಒಂದು ಮೊಬೈಲ್ ಕಂಪನಿಯ ಫೋನು ಮಾರುವುದು. ಈಗ ತೀರಿಕೊಂಡ ಅವರು ಆ ಅಂಗಡಿಯಲ್ಲಿ ನನಗಿಂತ ಮೊದಲೇ ಇದ್ದರು.

ನಾನು ಸೇರಿದ ವಾರದಲ್ಲೇ ಕಾರ್ಡು ಉಜ್ಜುವ ಯಂತ್ರ ಕೈಕೊಟ್ಟಿತು. ಗಿರಾಕಿ ಎದುರಿಗೆ ನಿಂತಿದ್ದಾನೆ, ಯಂತ್ರ ಸುಮ್ಮನೆ ಮಿಣುಕುತ್ತಿದೆ. ನಾನು ಬಾಯೊಳಗೇ ಅದರ ವಂಶವನ್ನೆಲ್ಲ ಎತ್ತಿ ಬೈದೆ. ಪಕ್ಕದ ಕೌಂಟರಿನಿಂದ ತಲೆಯೆತ್ತದೆ ಒಂದು ದನಿ ಬಂತು.

"ಅದಕ್ಕ ಕನ್ನಡ ತಿಳಿಯೂದಿಲ್ರಿ. ಇಂಗ್ಲಿಷ್‌ನ್ಯಾಗ ಬೈರಿ, ಅಂಜಿ ನಡೀತದ."

ನಾನು ಬೆಪ್ಪಾಗಿ ನಿಂತೆ. "ನೀವು ಕನ್ನಡದೋರಾ ಮೇಡಂ?"

"ಮೇಡಂ ಅನ್ನಲಿಕ್ಕೆ ನಾ ಏನು ಸಾಲಿ ಟೀಚರ್ ಏನು? ನಿಮಗಿಂತ ಸಣ್ಣಾಕಿ ಇದ್ದೀನಿ. ತಂಗಿ ಅನ್ರಿ. ನಾಚಿಕಿ ಬಂದ್ರ ಅಕ್ಕ ಅನ್ರಿ."

ನನಗೆ ಅಕ್ಕ ಎನ್ನುವುದೇ ಹೊಂದಿತು. ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ಇದು ತಲೆಕೆಳಗು ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಅವರು ಗದಗದ ಕಡೆಯವರು. ಕುಳ್ಳಗೆ, ದುಂಡಗೆ ಇದ್ದರು. ಅಂಗಡಿಯ ಟೀ ಶರ್ಟಿನ ಕೆಳಗೆ ಕೈಯಲ್ಲಿ ಹಸಿರು ಬಳೆ, ಆ ಬಳೆಗೆ ನೇತುಹಾಕಿದ ನಾಲ್ಕೈದು ಪಿನ್ನು. ನಮ್ಮ ಕಡೆ ಹೆಂಗಸರು ಸೀರೆಗೆಂದು ಬಳೆಗೆ ಪಿನ್ನು ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಅಂಗಡಿಯಲ್ಲಿ ಸೀರೆಯಿಲ್ಲ, ಪಿನ್ನು ಮಾತ್ರ ಇತ್ತು. ಫೋನಿನ ಸಿಮ್ ತೆಗೆಯಲು ಒಂದು ಸಣ್ಣ ಕಡ್ಡಿ ಬೇಕು. ಕಂಪನಿ ಕೊಟ್ಟ ಕಡ್ಡಿಗಳನ್ನು ಹುಡುಗರು ದಿನವೂ ಕಳೆಯುತ್ತಿದ್ದರು. ಆಮೇಲೆ ಇವರ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಇವರು ಗಿರಾಕಿಯ ಜೊತೆ ಮಾತು ನಿಲ್ಲಿಸದೆ ಕೈ ಮಾತ್ರ ಆ ಕಡೆ ಚಾಚುತ್ತಿದ್ದರು. ಮೆಕ್ಸಿಕೋದವನು, ಸೊಮಾಲಿಯಾದವಳು, ಫಿಲಿಪ್ಪೀನ್ಸಿನವನು, ಎಲ್ಲರೂ ಆ ಬಳೆಯಿಂದ ಪಿನ್ನು ಬಿಚ್ಚಿಕೊಂಡು ಹೋಗಿ ಮತ್ತೆ ತಂದು ಸಿಕ್ಕಿಸುತ್ತಿದ್ದರು. ಅವರಿಗೆಲ್ಲ ಇವರು ಆಂಟಿ.

ಇಲ್ಲಿ ಫೋನಿನ ಲಾಕಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮೂರಿನಲ್ಲಿ ಫೋನು ಕೊಂಡರೆ ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಇಲ್ಲಿ ಕಂಪನಿಯ ಅಂಗಡಿಯಲ್ಲಿ ಕಂತಿನ ಮೇಲೆ ತೆಗೆದುಕೊಂಡ ಫೋನು ಆ ಕಂಪನಿಯ ಸಿಮ್ಮಿಗೆ ಬಿಟ್ಟು ಬೇರೆಯದಕ್ಕೆ ಒಗ್ಗುವುದಿಲ್ಲ. ಕಂತು ಪೂರ್ತಿ ತೀರಬೇಕು, ಆಮೇಲೆ ಕಂಪನಿಯವರು ಬೀಗ ತೆಗೆಯಬೇಕು. ಇದು ಕಾಗದದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ನಮ್ಮವರಲ್ಲಂತೂ ಊರಿಗೆ ಹೊರಟವರ ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಪಕ್ಕ ಒಂದು ಫೋನು ಇದ್ದೇ ಇರಬೇಕು. ಅಮ್ಮನಿಗೋ ಅತ್ತೆಗೋ ಭಾವನಿಗೋ. ಹೊಸ ಲೈನು ತಗೊಂಡರೆ ಫೋನು ಪುಕ್ಕಟೆ ಎಂದು ಬೋರ್ಡು ಹಾಕಿದಾಗ ಅವರು ಓಡಿ ಬರುತ್ತಿದ್ದರು. ಆ ಪುಕ್ಕಟೆ ಫೋನಿಗೂ ಇದೇ ಬೀಗ ಎಂಬುದು ಊರಿಗೆ ಹೋಗಿ ಸಿಮ್ ಹಾಕಿದ ಮೇಲೆ ಗೊತ್ತಾಗುತ್ತಿತ್ತು.

ಮ್ಯಾನೇಜರ್ ನನ್ನ ಅರ್ಧ ವಯಸ್ಸಿನ ಹುಡುಗ. ಅವನ ಕಟ್ಟಪ್ಪಣೆ ಒಂದೇ: ಗಿರಾಕಿ ಕೇಳಿದರೆ ಹೇಳಿ, ಕೇಳದಿದ್ದರೆ ನೀವಾಗಿ ಎತ್ತಬೇಡಿ. ನಾನು ಹಾಗೆಯೇ ನಡೆದೆ. ಅಂಗಡಿಯಿಟ್ಟು ಬಾಳಿದವನಿಗೆ ಇದರಲ್ಲಿ ದೊಡ್ಡ ತಪ್ಪೇನೂ ಕಾಣಲಿಲ್ಲ.

ಅವರು ಹಾಗೆ ನಡೆಯಲಿಲ್ಲ. ನಮ್ಮವರು ಯಾರೇ ಬಂದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಈ ಫೋನು ಯಾರ ಕೈಗೆ ಹೋಗ್ತದ್ರಿ?" ನನಗೇ ಎಂದರೆ ಮಾರುತ್ತಿದ್ದರು, ಚೆನ್ನಾಗಿಯೇ ಮಾರುತ್ತಿದ್ದರು. ಊರಿಗೆ ಎಂದರೆ, "ಇದಕ್ಕ ಬೀಗ ಹಾಕ್ಯಾರ. ಅಲ್ಲಿ ಸಿಮ್ ಹಾಕಿದ್ರ ಸತ್ತ ಹಾಂಗ ಬಿದ್ದಿರ್ತದ. ಬೀಗ ಇಲ್ಲದ್ದು ಬ್ಯಾರೆ ಅಂಗಡ್ಯಾಗ ಸಿಗ್ತದ, ಹೋಗ್ರಿ" ಎನ್ನುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗರಿಗೆ ಹರಕು ತೆಲುಗಿನಲ್ಲಿ, ಉಳಿದವರಿಗೆ ಹಿಂದಿಯಲ್ಲಿ. ಮುಖದ ಮೇಲೆ ಅಂಗಡಿಯ ನಗು ಹಾಗೇ ಇರುತ್ತಿತ್ತು. ದೂರದಿಂದ ನೋಡಿದವರಿಗೆ ಆಂಟಿ ಚೆನ್ನಾಗಿ ಮಾತಾಡಿಸುತ್ತಿದ್ದಾಳೆ ಎಂದೇ ಅನ್ನಿಸಬೇಕು.

ಯಾಕಕ್ಕ ಈ ಉಸಾಬರಿ ಎಂದು ಒಮ್ಮೆ ಕೇಳಿದೆ. ಮಾಲಿನ ಹಿಂದೆ, ಲಾರಿಗಳು ಬಂದು ನಿಲ್ಲುವ ಕಡೆ, ಊಟದ ಹೊತ್ತಿನಲ್ಲಿ ನಿಂತಿದ್ದೆವು. ಅವರು ಬುತ್ತಿ ಮುಚ್ಚಿಟ್ಟರು. ಆಮೇಲೆ ಹೇಳಿದರು.

"ನಮ್ಮವ್ವಗ ಒಂದು ಕಳಿಸಿದ್ದೆ. ಇದೇ ಕಂಪನೀದು. ಆಗ ನಾ ಇಲ್ಲಿ ಕೆಲಸಕ್ಕ ಸೇರಿದ್ದಿಲ್ಲ, ನನಗೇನು ಗೊತ್ತು? ಫೋನ್ ಬಂತೇನವಾ ಅಂದ್ರ, ಬಂತು, ಭಾಳ ಛಲೋ ಅದ ಅಂತಿದ್ಲು. ಮಾತಾಡೂದು ಮಾತ್ರ ಬಾಜೂ ಮನೀ ಫೋನಿನಿಂದ. ಮಗಳು ಕೊಟ್ಟಿದ್ದು ಯಾಕ ಮುಟ್ಟೂದಿಲ್ಲ ಈಕಿ ಅಂತ ನನಗ ಸಿಟ್ಟು. ಒಂದ್ಸರೆ ಜಗಳಾನೂ ಮಾಡಿದೆ. ಆಕಿ ಹೋದ ಮ್ಯಾಲೆ ಹೋಗಿ ನೋಡ್ತೀನಿ, ಗಾದಿ ಕೆಳಗ ಡಬ್ಬಿ ಅದ. ಮ್ಯಾಲಿನ ಪ್ಲಾಸ್ಟಿಕ್ ಸುದ್ದಾ ತಗದಿಲ್ಲ. ಸಿಮ್ ಹಿಡೀವಲ್ದು ಅಂದ್ರ ನಾ ಬ್ಯಾಸರ ಮಾಡ್ಕೋತೀನಿ ಅಂತ ಹೇಳೇ ಇಲ್ಲ."

ಆಮೇಲೆ ಬಳೆಯ ಪಿನ್ನುಗಳನ್ನು ಸರಿಸುತ್ತ, "ನಡೀರಿ, ಆ ಹುಡುಗ ಗಡಿಯಾರ ನೋಡ್ಲಿಕತ್ತಿರ್ತಾನ" ಎಂದು ಒಳಗೆ ಹೋದರು.

ಅವರ ಗಂಡ ಇಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹುಡುಗರಿಗೆ ಪಾಠ ಹೇಳುವ ಕೆಲಸಕ್ಕಿದ್ದವರು. ಓದಲೆಂದು ಬಂದು ಇಲ್ಲೇ ನಿಂತ ಹಳಬರು. ನಾನು ಅಂಗಡಿಗೆ ಸೇರುವ ಸ್ವಲ್ಪ ಮೊದಲು ಅವರಿಗೆ ಲಕ್ವ ಹೊಡೆದಿತ್ತು. ಬಲಗೈ ಬಿದ್ದಿತು, ಮಾತು ನಿಂತಿತು, ಕೆಲಸ ಹೋಯಿತು. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಮನುಷ್ಯ ಗೋಡೆ ನೋಡಿಕೊಂಡು ಕೂತಿರುತ್ತಿದ್ದರಂತೆ. ಮಾತು ಕಲಿಸುವ ಥೆರಪಿಯವಳು ಬಂದು ಸೇಬಿನ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಹೇಳಿಸಲು ಹೋದರೆ ತಿರುಗಿಯೂ ನೋಡುತ್ತಿರಲಿಲ್ಲ. ಇವರು ರಾತ್ರಿ ಕೂತು ರಟ್ಟಿನ ಮೇಲೆ ಚಿತ್ರ ಅಂಟಿಸಿ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟರು. ಆ ಬಿಳಿಯ ಹುಡುಗಿ ಕನ್ನಡದ ಪದಗಳನ್ನು ತಪ್ಪುತಪ್ಪಾಗಿ ಹೇಳುವುದನ್ನು ಕೇಳಿ ಇವರ ಗಂಡ ಮೊದಲ ಸಲ ನಕ್ಕರಂತೆ.

ಒಂದು ದಿನ ಅವರು ಅಂಗಡಿಗೆ ಬಂದವರೇ ನನ್ನ ಕೌಂಟರಿನ ಮುಂದೆ ನಿಂತರು. "ನಿನ್ನೆ 'ಚಾ' ಅಂದ್ರು ಅಣ್ಣಾರ. ಸ್ವಚ್ಛ ಅಂದ್ರು."

"ಭೇಷ್ ಕಣಕ್ಕ. ಕೊಟ್ರಾ?"

"ಕೊಟ್ಟೆ. ಕುಡದು ಮುಖಾ ಕಿವಿಚಿದ್ರು. ಸಕ್ರಿ ಕಡಿಮಿ ಅನ್ನೂದು ಇನ್ನ ಬರಬೇಕು."

ಥೆರಪಿಯ ಖರ್ಚನ್ನು ಹೊರುತ್ತಿದ್ದದ್ದು ಈ ಅಂಗಡಿಯ ಕೆಲಸದ ಜೊತೆಗೆ ಬರುತ್ತಿದ್ದ ವಿಮೆ. ಸರ್ಕಾರದ ವಿಮೆ ಸಿಗುವ ವಯಸ್ಸು ಗಂಡನಿಗೆ ಆಗಿರಲಿಲ್ಲ. ಕಾಲು ಬಾತುಕೊಂಡರೂ ದಿನವಿಡೀ ನಿಂತು ಮಾಡುವ ಈ ಕೆಲಸವನ್ನು ಅವರು ಹಿಡಿದುಕೊಂಡದ್ದು ಅದಕ್ಕೆ. "ನಾ ಇಲ್ಲಿ ನಿಂತೀನಂತ ಅವರು ಅಲ್ಲಿ ಮಾತಾಡ್ಲಿಕತ್ತಾರ" ಎಂದು ಅವರೇ ನನಗೆ ಹೇಳಿದ್ದರು. ಮೊದಲ ಒಂದೆರಡು ವರ್ಷದಲ್ಲಿ ಬಂದ ಮಾತೇ ಮಾತು, ಆಮೇಲೆ ಕಷ್ಟ ಎಂದು ಥೆರಪಿಯವಳು ಹೇಳಿದ್ದನ್ನೂ ಹೇಳಿದ್ದರು. ನನಗೆ ಇದೆಲ್ಲ ಗೊತ್ತಿತ್ತು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡಬೇಕು. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ಅದು ವರ್ಷದ ಕೊನೆಯ ಹಬ್ಬದ ಮಾರಾಟದ ಸಮಯ. ನನ್ನ ಮಾರಾಟ ಇಳಿದಿತ್ತು. ಹೀಗೇ ಆದರೆ ನಿನ್ನ ಕೆಲಸದ ದಿನಗಳನ್ನು ಕಡಿಮೆ ಮಾಡುತ್ತೇನೆ ಎಂದು ಮ್ಯಾನೇಜರ್ ಬೆಳಿಗ್ಗೆಯೇ ಎಚ್ಚರಿಸಿದ್ದ. ಸಂಜೆ ಇಸ್ಸಾಕ್ವಾ ಎಂಬ ಊರಿನಿಂದ ಒಂದು ಜೋಡಿ ಬಂತು. ಗಂಡ ಮೈಸೂರಿನವನು, ಹೆಂಡತಿ ಬೆಂಗಳೂರಿನವಳು, ಇಬ್ಬರೂ ಸಾಫ್ಟ್‌ವೇರಿನವರು.

"ಅಂಕಲ್, ನೆಕ್ಸ್ಟ್ ವೀಕ್ ಊರಿಗೆ ಹೋಗ್ತಿದೀವಿ. ನಾಲ್ಕು ಫೋನ್ ಬೇಕು. ಇವರ ಅಪ್ಪ ಅಮ್ಮಂಗೆ ಎರಡು, ನಮ್ಮನೇಲಿ ಎರಡು. ಆ ಫ್ರೀ ಆಫರ್ ಇದೆಯಲ್ಲ, ಅದ್ರಲ್ಲೇ ಮಾಡ್ಕೊಡಿ" ಎಂದಳು ಹುಡುಗಿ.

ನಾನು ಲಾಕಿನ ಸುದ್ದಿ ಎತ್ತಲಿಲ್ಲ. ಆ ಜೋಡಿಯೂ ಕೇಳಲಿಲ್ಲ. ನಾಲ್ಕು ಡಬ್ಬಿ ಒಳಗಿನಿಂದ ತಂದು ಮೇಜಿನ ಮೇಲೆ ಜೋಡಿಸಿದೆ. ಸಹಿ ಮಾಡುವುದೊಂದು ಬಾಕಿ. ಆಗ ಅವರು ತಮ್ಮ ಕೌಂಟರು ಬಿಟ್ಟು ಈ ಕಡೆ ಬಂದರು.

"ಯಾವೂರ ತಂಗಿ ನಿಮ್ಮದು?" ಎಂದು ಶುರು ಮಾಡಿ, ಅದೇ ನಗುಮುಖದಲ್ಲಿ ತಮ್ಮ ಪ್ರಶ್ನೆ ಕೇಳಿದರು, ಉತ್ತರ ಕೇಳಿ ಬೀಗದ ಮಾತು ಹೇಳಿದರು. ಹುಡುಗಿ ನನ್ನ ಕಡೆ ತಿರುಗಿದಳು. "ಹೌದಾ ಅಂಕಲ್? ನೀವು ಹೇಳ್ಲೇ ಇಲ್ವಲ್ಲ." ಅವಳ ಗಂಡ, "ಬಾ, ಹೋಗೋಣ. ಕನ್ನಡದವರೇ ಹೀಗೆ ಮಾಡಿದ್ರೆ ಇನ್ನೇನು" ಎಂದು ಅವಳ ತೋಳು ಹಿಡಿದು ಕರೆದುಕೊಂಡು ಹೋದ. ನಾಲ್ಕು ಡಬ್ಬಿ ಮೇಜಿನ ಮೇಲೇ ಉಳಿದವು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಾಲ್ಕು ಮಂದಿ ಮುದುಕರು ಅವರು" ಎಂದು ಅವರು ಮೆಲ್ಲಗೆ ಹೇಳಿದರು. ನಾನು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟೆ.

ಮ್ಯಾನೇಜರ್ ದೂರದಿಂದ ಎಲ್ಲ ನೋಡಿದ್ದ. ಅವನು ನನ್ನನ್ನು ಹಿಂದಿನ ಕೋಣೆಗೆ ಕರೆದ. ಬಾಗಿಲು ಮುಂದೆ ಮಾಡಿ ಕೇಳಿದ. ಇಂಡಿಯಾದವರು ಆಂಟಿಯ ಹತ್ತಿರ ಮಾತಾಡಿ ಬರಿಗೈಲಿ ಹೋಗುವುದನ್ನು ಬಹಳ ದಿನದಿಂದ ನೋಡುತ್ತಿದ್ದೇನೆ, ಅವಳು ಅವರಿಗೆ ಏನು ಹೇಳುತ್ತಾಳೆ, ನಿನಗೊಬ್ಬನಿಗೇ ಆ ಭಾಷೆ ಬರುವುದು, ಹೇಳು ಎಂದ.

ಹೇಳಲು ನನ್ನ ಬಳಿ ಎಷ್ಟೋ ಮಾತಿದ್ದವು. ಊರಿನ ವಿಷಯ ಮಾತಾಡುತ್ತಾರೆ ಎನ್ನಬಹುದಿತ್ತು. ನನಗೆ ಅವರ ಕಡೆಯ ಕನ್ನಡ ಅರ್ಥವಾಗುವುದಿಲ್ಲ ಎನ್ನಬಹುದಿತ್ತು. ಅವನು ನಂಬುತ್ತಿದ್ದ. ನಾನು ಅವರು ಹೇಳಿದ್ದನ್ನು ಒಂದೊಂದೇ ಮಾತಾಗಿ ಇಂಗ್ಲಿಷಿಗೆ ಮಾಡಿ ಕೊಟ್ಟೆ. ಬೀಗ ಎಂದದ್ದು, ಸತ್ತ ಹಾಗೆ ಬಿದ್ದಿರುತ್ತದೆ ಎಂದದ್ದು, ಬೇರೆ ಅಂಗಡಿಗೆ ಹೋಗಿ ಎಂದದ್ದು. ನನ್ನ ಇಂಗ್ಲಿಷು ಯಾವತ್ತೂ ಅಷ್ಟು ಸರಾಗವಾಗಿ ಬಂದಿರಲಿಲ್ಲ. ಇವತ್ತಿನದು ಮಾತ್ರವೋ ಎಂದು ಅವನು ಕೇಳಿದ. ಯಾವಾಗಲೂ ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಒಂದು ಬೈಗುಳ ಬೀಳಲಿ ಎಂದಷ್ಟೇ ಅಂದುಕೊಂಡಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವುದಿಲ್ಲ. ಆ ಕೋಣೆಯಲ್ಲಿ ನಿಂತಾಗ ನನಗೆ ಅವರ ಗಂಡನ ನೆನಪು ಬಂದಿತ್ತು. ಬಂದ ಮೇಲೂ ಮಾತು ಮುಂದುವರಿಸಿದೆ.

ಹಬ್ಬದ ಮಾರಾಟ ಮುಗಿಯುವವರೆಗೆ ಅವರನ್ನು ದುಡಿಸಿಕೊಂಡರು. ಆಮೇಲೆ ಒಂದು ಸಂಜೆ ಹಿಂದಿನ ಕೋಣೆಗೆ ಕರೆದು ಕೆಲಸದಿಂದ ತೆಗೆದರು. ಹೊರಗೆ ಬಂದಾಗ ಅವರ ಮುಖದಲ್ಲಿ ಅಳುವಿರಲಿಲ್ಲ. ಬಳೆಯಿಂದ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ ಹುಡುಗರಿಗೆ ಹಂಚಿದರು. ಸೊಮಾಲಿಯಾದ ಹುಡುಗಿ ಅವರನ್ನು ತಬ್ಬಿಕೊಂಡು ಅತ್ತಳು. ನನ್ನ ಕೌಂಟರಿನ ಮುಂದೆ ಬಂದಾಗ ಒಂದು ಕ್ಷಣ ನಿಂತರು. ಆ ಅಂಗಡಿಯಲ್ಲಿ ಅವರ ಮಾತು ತಿಳಿಯುತ್ತಿದ್ದವನು ನಾನೊಬ್ಬನೇ. ಯಾರು ಹೇಳಿರಬಹುದು ಎಂದು ಅವರು ಯೋಚಿಸಬೇಕಾಗಿರಲಿಲ್ಲ.

"ಗುಡ್ ಈವ್ನಿಂಗ್, ಸರ್. ಟೇಕ್ ಕೇರ್" ಎಂದರು. ಅಷ್ಟೇ.

ಅವರ ಬಾಯಿಂದ ನನಗೆಂದು ಬಂದ ಮೊದಲ ಇಂಗ್ಲಿಷ್ ಮಾತು ಅದು.

ಮುಂದಿನ ವಾರದಿಂದ ನನ್ನ ದಿನಗಳು ಕಡಿಮೆಯಾಗಲಿಲ್ಲ. ಅವರ ಜಾಗದ ಗಿರಾಕಿಗಳೂ ನನಗೇ ಬಂದರು.

ಮತ್ತೆ ಅವರನ್ನು ನಾನು ಕಂಡದ್ದು ಕೆಲವು ವರ್ಷದ ಮೇಲೆ, ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ. ಅವರ ಮಗಳಿಗೆ ಅಲ್ಲಿ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕು, ಗಂಡ ಹೆಂಡತಿ ಇಬ್ಬರೂ ಅವಳ ಮನೆಗೆ ಬಂದಿದ್ದರು. ಗಂಡ ಕೋಲು ಹಿಡಿದು ತರಕಾರಿಯ ಮುಂದೆ ನಿಂತಿದ್ದರು. ಎಡಗೈಯಿಂದ ಯಾವುದನ್ನೋ ತೋರಿಸಿ ಗಂಟಲಿನಿಂದ ಒಂದು ಸದ್ದು ಹೊರಡಿಸಿದರು. ಅದು ಯಾವ ಮಾತೂ ಆಗಿರಲಿಲ್ಲ. ಇವರು ಮೆಂತ್ಯದ ಕಟ್ಟು ಎತ್ತಿ ತೋರಿಸಿದರು, ಅದಲ್ಲ. ಬದನೆಕಾಯಿ ತೋರಿಸಿದರು, ಅದೂ ಅಲ್ಲ. ಆತ ಕೋಲನ್ನು ನೆಲಕ್ಕೆ ಕುಟ್ಟಿ ಮುಖ ತಿರುಗಿಸಿದರು.

ನಾನು ಹತ್ತಿರ ಹೋದೆ. "ಅಕ್ಕ, ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

ಅವರು ನನ್ನನ್ನು ನೋಡಿದರು. ಮೈ ಇಳಿದಿತ್ತು, ಬಳೆ ಕೈಯಲ್ಲಿ ಸಡಿಲವಾಗಿತ್ತು. ವಿಮೆ ಹೋದ ಮೇಲೆ ಥೆರಪಿ ನಿಂತಿತು, ಸರ್ಕಾರದ ವಿಮೆ ಬರುವಷ್ಟರಲ್ಲಿ ಬಂದಿದ್ದ ಒಂದೆರಡು ಪದಗಳೂ ಹೋದವು, ಹೀಗೆಂದು ಯಾರೋ ಹೇಳಿ ನನಗೆ ಗೊತ್ತಿತ್ತು. ಅವರು ಅದೊಂದನ್ನೂ ಎತ್ತಲಿಲ್ಲ. "ಇಟ್ಸ್ ಓಕೆ, ಸರ್. ಯು ಹ್ಯಾವ್ ಎ ಫ್ಯಾಮಿಲಿ ಟೂ" ಎಂದು ಗಂಡನ ತೋಳು ಹಿಡಿದು ಮುಂದೆ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬ್ಯಾಂಕಿನ ಕಿಟಕಿಯಲ್ಲಿ ಕೂತವರು ಮಾತಾಡುವ ಹಾಗಿತ್ತು.

ಅವರು ತೀರಿಕೊಂಡ ಸುದ್ದಿ ಓದಿದ ಮೇಲೆ ಆ ಮನೆಗೆ ಹೋಗಬಾರದು ಎಂದೇ ಅಂದುಕೊಂಡಿದ್ದೆ. ಹೆಂಡತಿ ಬಿಡಲಿಲ್ಲ, ಅವಳಿಗೆ ನಾನು ಏನನ್ನೂ ಹೇಳಿಲ್ಲ. ಬಾಗಿಲು ತೆರೆದ ಮಗಳು ನನ್ನ ಹೆಸರು ಕೇಳಿದಳು. ಹೇಳಿದೆ. ಅವಳು ಮುಖ ಮುರಿಯುತ್ತಾಳೆ, ಬಾಗಿಲು ಹಾಕುತ್ತಾಳೆ ಎಂದು ಕಾದು ನಿಂತೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಓ, ಯು ಆರ್ ದ ಅಂಕಲ್ ಫ್ರಮ್ ದ ಸ್ಟೋರ್. ಅಮ್ಮ ಯೂಸ್ಡ್ ಟು ಟಾಕ್ ಅಬೌಟ್ ಯು."

ಆ ಅಂಗಡಿಯಲ್ಲಿ ಕನ್ನಡ ಮಾತಾಡಲು ನೀವೊಬ್ಬರೇ ಇದ್ದಿರಂತೆ, ಇಬ್ಬರೂ ಸೇರಿ ನಗುತ್ತಿದ್ದಿರಂತೆ ಎಂದಳು. ಕೆಲಸ ಹೇಗೆ ಹೋಯಿತು ಎಂಬುದನ್ನು ಅವರು ಮಗಳಿಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಈವತ್ತಿಗೂ ತಿಳಿಯದು. ಅದು ಕ್ಷಮೆಯೇ ಆಗಿದ್ದರೆ, ನನ್ನೊಡನೆ ಮತ್ತೆ ಒಂದು ಮಾತು ಕನ್ನಡದಲ್ಲಿ ಆಡಿರುತ್ತಿದ್ದರು.

ಹೊರಡುವಾಗ ಮಗಳು ಒಂದು ಸಹಾಯ ಕೇಳಿದಳು. ಅಮ್ಮ ಹೋದ ಮೇಲೆ ಅಪ್ಪನಿಗೆ ಮನೆಯಲ್ಲಿ ಕನ್ನಡ ಕೇಳುವುದೇ ಇಲ್ಲವಾಗಿದೆ, ನನಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ, ನೀವು ಆಗಾಗ ಬಂದು ಅವರ ಹತ್ತಿರ ಕೂತು ಮಾತಾಡುತ್ತೀರಾ ಎಂದಳು.

ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಬಸ್ಸು ಬದಲಿಸಿ ಹೋಗಬೇಕು. ಅವಳ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ನಾನು ತುಮಕೂರಿನ ಅಂಗಡಿಯ ಕತೆ, ಬಸ್ಸಿನಲ್ಲಿ ಕಂಡದ್ದು, ಹೀಗೆ ಏನೇನೋ ಹೇಳುತ್ತೇನೆ. ಅವರಿಗೆ ಎಲ್ಲ ಅರ್ಥವಾಗುತ್ತದೆ, ಕಣ್ಣಿನಲ್ಲಿ ಗೊತ್ತಾಗುತ್ತದೆ. ಹೊಟ್ಟೆಯೊಳಗಿನದನ್ನು ಮಗಳಿಗೆ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಹೇಳಿದರೆ ನನ್ನನ್ನು ಮನೆಗೆ ಸೇರಿಸಳು, ಆಮೇಲೆ ಈ ಮನುಷ್ಯನ ಕಿವಿಗೆ ಕನ್ನಡ ಬೀಳುವುದು ನಿಲ್ಲುತ್ತದೆ. ಇದು ನಿಜವೋ, ನನ್ನ ಅಂಜಿಕೆ ಹುಡುಕಿಕೊಂಡ ನೆಪವೋ, ಬಿಡಿಸಿ ನೋಡಲು ನನಗೆ ಧೈರ್ಯವಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹೋದ ವಾರ ಅವಳು ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದಳು. ನಾನು ಅವರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಇಸ್ಸಾಕ್ವಾದ ಜೋಡಿ, ಹಿಂದಿನ ಕೋಣೆ, ನಾನು ಇಂಗ್ಲಿಷಿಗೆ ಮಾಡಿಕೊಟ್ಟ ಮಾತುಗಳು. ಅವರು ಅಲುಗಾಡದೆ ಕೇಳಿದರು. ಆಮೇಲೆ ಅವರ ತುಟಿ ನಡುಗಲು ಶುರುವಾಯಿತು. ಎಡಗೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಕತ್ತಿನ ನರ ಉಬ್ಬಿದವು. ಗಂಟಲಿನಿಂದ ಒಂದೇ ಸದ್ದು ಮತ್ತೆ ಮತ್ತೆ ಹೊರಟಿತು.

ಸದ್ದು ಕೇಳಿ ಮಗಳು ಮೆಟ್ಟಿಲಿಳಿದು ಬಂದಳು. ಅವಳನ್ನು ಕಂಡ ಕೂಡಲೇ ಅವರು ಕೈಯನ್ನು ನನ್ನ ಕಡೆ ಚಾಚಿ, ಅವಳ ಮುಖ ನೋಡುತ್ತ ಇನ್ನೂ ಜೋರಾಗಿ ಹೆಣಗಿದರು.

"ವಾಟ್ಸ್ ಹಿ ಸೇಯಿಂಗ್, ಅಂಕಲ್?" ಎಂದು ಅವಳು ನನ್ನನ್ನು ಕೇಳಿದಳು.

"ನೀರು ಕೇಳ್ತಿದಾರಮ್ಮ" ಎಂದೆ.

ಅವಳು ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತಂದು ಅವರ ತುಟಿಗೆ ಹಿಡಿದಳು. ಅವರು ಬಾಯಿ ತೆರೆಯಲಿಲ್ಲ.